ಕೊನೆಯ ಪುಟದ ಬಸವನಹುಳು

ದೆವ್ವದ ಕಥೆಗಳನ್ನು ಬಾಡಿಗೆಗೆ ಕೊಟ್ಟು ಇಪ್ಪತ್ತೆಂಟು ವರ್ಷ ಅನ್ನ ತಿಂದವನು ನಾನು. ಆದರೆ ದೆವ್ವವನ್ನು ಒಂದು ದಿನವೂ ನಂಬಿದವನಲ್ಲ. ಯಾರಾದರೂ "ನಮ್ಮ ಮನೇಲಿ ಹೀಗಾಯ್ತು ಸಾರ್" ಎಂದು ಶುರು ಮಾಡಿದರೆ, "ರಾತ್ರಿ ಊಟ ಜಾಸ್ತಿ ಆಗಿರ್ಬೇಕು, ಜೀರಿಗೆ ನೀರು ಕುಡೀರಿ" ಎಂದು ನಗುತ್ತಿದ್ದೆ. ಈಗ ನಾನು ಹೇಳಹೊರಟಿರುವುದನ್ನು ಓದಿ ನೀವೂ ನನಗೆ ಅದನ್ನೇ ಹೇಳಬಹುದು. ಬೇಜಾರಿಲ್ಲ.

ಚಂದ್ರಾ ಲೇಔಟ್‌ನಲ್ಲಿ, ಒಂದು ದರ್ಶಿನಿಯ ಪಕ್ಕ, ನನ್ನದೊಂದು ಪುಟ್ಟ ಬಾಡಿಗೆ ಲೈಬ್ರರಿ ಇದೆ. ಮೊಬೈಲು ಬಂದ ಮೇಲೆ ಓದುವವರು ಕಡಿಮೆಯಾದರು. ಉಳಿದವರು ಮಾತ್ರ ಗಟ್ಟಿ ಜನ. ಇಂಥ ಲೈಬ್ರರಿಗಳಲ್ಲಿ ಒಂದು ಪದ್ಧತಿ ಉಂಟು. ಓದಿದ ಪುಸ್ತಕವನ್ನೇ ಮರೆತು ಮತ್ತೆ ಒಯ್ಯಬಾರದೆಂದು ಓದುಗರು ಒಳಗೆಲ್ಲೋ ತಮ್ಮದೇ ಗುರುತು ಹಾಕಿರುತ್ತಾರೆ. ಒಬ್ಬರು ಹನ್ನೊಂದನೇ ಪುಟದ ಸಂಖ್ಯೆಗೆ ಸುತ್ತು ಹಾಕುತ್ತಾರೆ, ಇನ್ನೊಬ್ಬರು ಮೂಲೆಯಲ್ಲಿ ಮೂರು ಚುಕ್ಕೆ ಇಡುತ್ತಾರೆ. ನಾನು ಕಂಡೂ ಕಾಣದಂತಿರುತ್ತೇನೆ.

ಸ್ಪಂದನಾಳ ಗುರುತು ಬಸವನಹುಳು. ಪೆನ್ಸಿಲ್ಲಿನಲ್ಲಿ, ಕಡಲೆಕಾಳಿನಷ್ಟು, ಒಂದು ಕೊಂಬು ಉದ್ದ, ಒಂದು ಗಿಡ್ಡ. ಹಾಕುತ್ತಿದ್ದುದು ಕೊನೆಯ ಪುಟದಲ್ಲಿ ಮಾತ್ರ. ಒಮ್ಮೆ ಹಿಡಿದು ಗದರಿದಾಗ, "ಪೂರ್ತಿ ಓದಿದ್ರೆ ತಾನೇ ಅಂಕಲ್ ಓದಿದ ಲೆಕ್ಕ?" ಎಂದು ನನಗೇ ಪಾಠ ಹೇಳಿದ್ದಳು. ಹತ್ತನೇ ಕ್ಲಾಸಿನ ಹುಡುಗಿ. ತಾಯಿ ಗಿರಿಜಾ ಹಿಂದಿನ ರಸ್ತೆಯಲ್ಲಿ ಬ್ಲೌಸು ಹೊಲಿಯುತ್ತಾರೆ, ಮನೆಯಲ್ಲಿ ಇವರಿಬ್ಬರೇ.

ಅವಳ ಜೀವವೆಲ್ಲ ಒಂದು ಸರಣಿಯ ಮೇಲೆ. ಸತ್ತವರ ದೂರು ಕೇಳಿ ತನಿಖೆ ಮಾಡುವ ಹುಡುಗಿಯ ಕಥೆ. ಆ ಹುಡುಗಿಗೆ ಜೊತೆಗಾರ, ತೀರಿಹೋದ ಅವಳ ಸ್ವಂತ ಅಣ್ಣ. ಆರು ಪುಸ್ತಕ ಬಂದಿದ್ದವು, ಏಳನೆಯದೇ ಕೊನೆಯದು. ಆರನೆಯದು ಮುಗಿಯುವ ಹೊತ್ತಿಗೆ ಅಣ್ಣ ಮಸುಕಾಗತೊಡಗಿದ್ದ. ಸ್ಪಂದನಾ ದಿನಾ ಸ್ಕೂಲಿನಿಂದ ಬರುವಾಗ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ಬಂತಾ ಅಂಕಲ್? ಅಣ್ಣ ಹೋಗ್ಬಿಡ್ತಾನಾ, ಇರ್ತಾನಾ?"

"ಬಂದಿಲ್ಲ ಕಣಮ್ಮಾ, ತಲೆ ತಿನ್ಬೇಡ" ಎನ್ನುತ್ತಿದ್ದೆ.

ಮುಂದಿನದು ನಡೆದು ಈಗ ನಾಲ್ಕು ವರ್ಷವಾಯಿತು. ಪುಸ್ತಕ ಬಂದ ದಿನ ಅವಳು ಬರಲಿಲ್ಲ, ಗಿರಿಜಾ ಬಂದರು. "ಸಾರ್, ಸ್ಪಂದನಾಗೆ ಡೆಂಗ್ಯೂ. ಆಸ್ಪತ್ರೆಗೆ ಸೇರ್ಸಿದೀನಿ. ಆ ಏಳ್ನೇ ಪುಸ್ತಕ ಬಂದಿದ್ರೆ ಇಸ್ಕೊಂಡು ಬಾ ಅಂತ ಒಂದೇ ಹಟ."

ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಆದರೆ ನನ್ನದೊಂದು ಹಾಳು ನಿಯಮ. ಈಗಿನ ಪುಸ್ತಕಗಳಿಗೆ ಬರೀ ಗೋಂದು. ನಾಲ್ಕು ಕೈ ದಾಟಿದರೆ ಹಾಳೆ ಉದುರುತ್ತವೆ. ದಾರ ಹಾಕಿ ಹೊಲಿಸಿ, ರಟ್ಟು ಕಟ್ಟಿಸದೆ ಯಾವ ಹೊಸ ಪುಸ್ತಕವನ್ನೂ ನಾನು ಹೊರಗೆ ಬಿಡುವವನಲ್ಲ. "ಬೈಂಡಿಂಗ್‌ಗೆ ಹೋಗಿದೆಯಮ್ಮ, ನಾಡಿದ್ದು ಸಿಗುತ್ತೆ" ಎಂದೆ. ಅವರು ತಲೆಯಾಡಿಸಿ ಆಟೋ ಹತ್ತಿದರು. ಅವರು ಹೋದ ಮೇಲೆ ಪುಸ್ತಕವನ್ನು ಬೈಂಡಿಂಗ್‌ಗೆ ಕಳಿಸಿದೆ.

ಮೂರನೆಯ ದಿನ ಬೆಳಿಗ್ಗೆ ಹುಡುಗಿ ತೀರಿಕೊಂಡಳು. ಪುಸ್ತಕ ವಾಪಸು ಬಂದಿದ್ದು ಅದೇ ಸಂಜೆ. ನಾಲ್ಕು ಹಾಳೆ ಉದುರಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಬೈಂಡಿಂಗ್‌ನಲ್ಲಿ ಹಾಳೆ ಹಿಂದುಮುಂದಾಗುವುದುಂಟು. ಹಾಗಾಗಿ ಬಂದ ಪುಸ್ತಕವನ್ನು ಪುಟಪುಟವೂ ತಿರುವಿ ನೋಡುವುದು ನನ್ನ ಅಭ್ಯಾಸ. ಕಣ್ಣು ಮಂಜಾಗಿದ್ದರೂ ಅವತ್ತೂ ನೋಡಿದೆ. ಕೊನೆಯ ಪುಟದಲ್ಲಿ, ಕಥೆ ಮುಗಿದ ಜಾಗದ ಕೆಳಗೆ, ಲೈಬ್ರರಿಯ ನೇರಳೆ ಸೀಲನ್ನು ಅವತ್ತೇ ನಾನೇ ಒತ್ತಿದೆ. ಅಲ್ಲಿ ಬೇರೇನೂ ಇರಲಿಲ್ಲ. ಯಾರಿಗೂ ಕೊಡಲು ಮನಸ್ಸಾಗದೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅದಕ್ಕಿರುವುದು ಒಂದೇ ಕೀಲಿ, ಅದು ನನ್ನ ಉಡಿದಾರದಲ್ಲಿರುತ್ತದೆ.

ಹತ್ತು ದಿನ ಅದನ್ನು ಮುಟ್ಟಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅಂಗಡಿ ಖಾಲಿಯಿತ್ತು, ಪಕ್ಕದ ದರ್ಶಿನಿಯಲ್ಲಿ ಲೋಟ ತೊಳೆಯುವ ಸದ್ದು. ಅವಳಿಗಂತೂ ಆಗಲಿಲ್ಲ, ಅಣ್ಣ ಹೋದನೋ ಉಳಿದನೋ ನಾನಾದರೂ ತಿಳಿದುಕೊಳ್ಳೋಣ ಎನ್ನಿಸಿ ಬೀಗ ತೆಗೆದು ಓದಲು ಕೂತೆ. ಮುಗಿಯುವಾಗ ಸಂಜೆಯಾಗಿತ್ತು. ಅಣ್ಣ ಹೋಗಿಬಿಟ್ಟಿದ್ದ. ಅದರ ಕೆಳಗೆ, ನನ್ನ ಸೀಲಿನ ನೇರಳೆ ಶಾಯಿಯ ಮೇಲೆಯೇ, ಪೆನ್ಸಿಲ್ಲಿನ ಬಸವನಹುಳು ಇತ್ತು. ಒಂದು ಕೊಂಬು ಉದ್ದ, ಒಂದು ಗಿಡ್ಡ.

ಹೆದರಿಕೆಯಾಗಲಿಲ್ಲ ಕಣ್ರೀ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಓದಿದಳಲ್ಲ, ಪೂರ್ತಿ ಓದಿದಳಲ್ಲ ಎಂದು. ಆಮೇಲೆ ತಲೆ ಓಡಿತು. ಸೀಲಿನ ಮೇಲಿದೆ ಎಂದ ಮೇಲೆ ಬೈಂಡಿಂಗ್‌ನವನು ಬರೆದದ್ದಲ್ಲ. ಬೀಗ ಹಾಕಿದ ಹಾಗೇ ಇತ್ತು. ದುಃಖದಲ್ಲಿ ಮೈಮರೆತು ನಾನೇ ಬರೆದೆನೇ? ಒಂದು ಕಾಗದದ ಮೇಲೆ ಬರೆದು ನೋಡಿದೆ. ಹತ್ತು ಸಲ ಬರೆದರೂ ಆಲೂಗಡ್ಡೆಯಂತೆ ಬಂತೇ ಹೊರತು ಆ ಹುಳು ಬರಲಿಲ್ಲ.

ಗಿರಿಜಾ ಅವರಿಗೆ ತೋರಿಸಿದರೆ ಒಂದಿಷ್ಟು ಸಮಾಧಾನವಾದೀತು ಎಂದುಕೊಂಡೆ. ಪೆದ್ದ ನಾನು. ಮಗಳ ದಿಂಬಿನ ಕೆಳಗೆ ಸಿಕ್ಕಿದ ನಮ್ಮದೊಂದು ಪುಸ್ತಕವನ್ನು ಹಿಂದಿರುಗಿಸಲು ಅವರು ಬಂದಾಗ, ಕೂರಿಸಿ, ಆ ಪುಟ ತೆರೆದಿಟ್ಟು ಎಲ್ಲವನ್ನೂ ಹೇಳಿದೆ. ಅವತ್ತು ಪುಸ್ತಕ ಡ್ರಾಯರಿನಲ್ಲೇ ಇತ್ತೆಂಬುದನ್ನೂ ಹೇಳಿದೆ. ಅವರು ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡರು.

"ಅವಳ್ದೇ ಸಾರ್. ಅಡುಗೆಮನೆ ಗೋಡೆ ತುಂಬಾ ಇದನ್ನೇ ಬರ್ದಿದಾಳೆ" ಎಂದು ಬೆರಳಿನಿಂದ ಮುಟ್ಟಿದರು. ಅಳಿಸಿಹೋದೀತೆಂದು ತಕ್ಷಣ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ಅವತ್ತಿಂದ ನಾನು ಬಾಗ್ಲಿಗೆ ಚಿಲ್ಕ ಹಾಕಿಲ್ಲ ಸಾರ್, ಬಂದ್ರೆ ಬರ್ಲಿ ಅಂತ. ಇಲ್ಲಿಗೆ ಬಂದಿದಾಳೆ. ಮನೆಗ್ಯಾಕೆ ಬರ್ಲಿಲ್ಲ?"

ಆ ಗುರುತು ಹೇಗೆ ಬಂತೆಂದು ತಿಳಿದವರು ಯಾರಾದರೂ ಎಂದಾದರೂ ವಿವರಿಸಿಯಾರು. ನನ್ನಿಂದಂತೂ ಆಗಿಲ್ಲ. ಆ ತಾಯಿಗೆ ಏನು ಹೇಳಬೇಕಿತ್ತು ಎಂಬುದಂತೂ ಇವತ್ತಿಗೂ ಗೊತ್ತಾಗಿಲ್ಲ.