ಮೂರನೇ ರಿಂಗಿನೊಳಗೆ

ಕುಂದಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಅಪರೂಪಕ್ಕೊಂದು ಪುಸ್ತಕ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಕೆಲಸ ಹೆಚ್ಚಾಗಿ ಅಂಗಡಿಯಲ್ಲಿ ಜಾಗ ಸಾಲದೆ, ನಾಲ್ಕು ಜನ ಹೆಂಗಸರ ಮನೆಗೇ ಕಂಪ್ಯೂಟರ್ ಕೊಟ್ಟೆ. ಇಬ್ಬರು ಬ್ರಹ್ಮಾವರದ ಕಡೆಯವರು, ಒಬ್ಬಳು ಬಸ್ರೂರಿನವಳು, ಇನ್ನೊಬ್ಬಳು ಬೈಂದೂರಿನವಳು. ಫ್ಲಾಪಿ, ಕರಡು ಪ್ರತಿ ಎಲ್ಲ ಲಕೋಟೆಯೊಳಗೆ ಸೇರಿ ಬಸ್ ಕಂಡಕ್ಟರರ ಕೈಯಲ್ಲಿ ಬಂದು ಹೋಗುತ್ತಿದ್ದವು.

ಕಣ್ಣೆದುರು ಇಲ್ಲದವರು ಕೆಲಸ ಮಾಡುತ್ತಿದ್ದಾರೆ ಎಂದು ನಂಬುವುದು ನನ್ನಿಂದಾಗಲಿಲ್ಲ. ಹಾಗಾಗಿ ಒಂದು ನಿಯಮ ಮಾಡಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾನು ಯಾವಾಗ ಫೋನ್ ಮಾಡಿದರೂ ಮೂರನೇ ರಿಂಗಿನೊಳಗೆ ಎತ್ತಬೇಕು. ಮಾತಾಡುವ ವಿಷಯವೇನೂ ಇರುತ್ತಿರಲಿಲ್ಲ. "ಎಷ್ಟನೇ ಪುಟ?" ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ. ಇದನ್ನು ನನ್ನ ಜಾಣತನವೆಂದು ಪರಿಚಯದವರಿಗೆಲ್ಲ ಹೇಳಿಕೊಂಡದ್ದೂ ಉಂಟು.

ನಾಲ್ವರಲ್ಲಿ ಬೈಂದೂರಿನವಳ ಕೈ ಬಹಳ ಶುದ್ಧ. ಕಳಿಸಿದ ಮಾದರಿ ಪುಟ ನೋಡಿಯೇ ಕೆಲಸ ಕೊಟ್ಟಿದ್ದೆ, ಎದುರು ಕಂಡಿರಲಿಲ್ಲ. ಎಂಥ ಕೆಟ್ಟ ಅಕ್ಷರವನ್ನೂ ಓದಿ ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದಳು. ಆದರೆ ಅವಳ ಮನೆಯ ಫೋನನ್ನು ಯಾವಾಗಲೂ ಅತ್ತೆಯೇ ಎತ್ತುತ್ತಿದ್ದರು. ಆಮೇಲೆ ಇವಳು ಬಂದು ಪುಟದ ಸಂಖ್ಯೆ ಹೇಳುತ್ತಿದ್ದಳು. ನಾನು ಬೇರೆ ಏನು ಕೇಳಿದರೂ ಪುಟದ ಸಂಖ್ಯೆಯೇ ಉತ್ತರ. ಕೆಲಸ ಬರುತ್ತದೆಂಬ ಜಂಬ ಎಂದುಕೊಂಡಿದ್ದೆ.

ಒಮ್ಮೆ ಒಂದು ವಾರ ಹನ್ನೊಂದರಿಂದ ಹನ್ನೆರಡರವರೆಗೆ ಆ ಮನೆಯಲ್ಲಿ ಫೋನ್ ಎತ್ತುವವರೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಬೇರೆ ಪ್ರೆಸ್ಸಿನ ಕೆಲಸ ಮಾಡುತ್ತಿದ್ದಾಳೆ ಎಂದು ನಾನೇ ತೀರ್ಮಾನಿಸಿದೆ. ಕೇಳಿ ನೋಡಬೇಕು ಅನ್ನಿಸಲಿಲ್ಲ, ಹಿಡಿಯಬೇಕು ಅನ್ನಿಸಿತು. ಮರುದಿನ ಹೇಳದೆ ಕೇಳದೆ ಬೈಂದೂರಿನ ಬಸ್ಸು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಅವಳು ನನಗೆ ಬೆನ್ನು ಹಾಕಿ ಟೈಪ್ ಮಾಡುತ್ತಿದ್ದಳು. ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಎರಡು ಸಲ ಕರೆದೆ. ಬೆರಳು ಸಹ ನಿಲ್ಲಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ನುಗ್ಗಿ ಬಗ್ಗಿ ಕಂಪ್ಯೂಟರಿನ ಯುಪಿಎಸ್ ಗುಂಡಿ ಒತ್ತಿ ಆರಿಸಿಬಿಟ್ಟೆ.

ಅವಳು ಬೆಚ್ಚಿ ತಿರುಗಿದಳು. ಪರದೆಯ ಮೇಲಿದ್ದದ್ದು ನಾನೇ ಕೊಟ್ಟ ಪುಸ್ತಕ ಎಂಬುದು ಆರುವ ಮೊದಲೇ ನನಗೆ ಕಂಡಿತ್ತು. ಕಂಡರೂ ಕೈ ನಿಲ್ಲಲಿಲ್ಲ.

"ಕರೆದದ್ದು ಕೇಳಲಿಲ್ವಾ?" ಎಂದೆ.

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಗ ಅವಳ ಅತ್ತೆ ಕುಂಟುತ್ತಾ ಅಂಗಳ ದಾಟಿ ಒಳಗೆ ಬಂದರು. ನನ್ನ ದನಿಯಿಂದಲೇ ನಾನು ಯಾರೆಂದು ಗೊತ್ತಾಗಿ ಗಾಬರಿಯಾದರು. ಸೊಸೆಯ ಕಿವಿ ತೋರಿಸಿ ಹೇಳಿದರು:

"ಅವ್ಳಿಗೆ ಬೈಬೇಡಿ ಅಮ್ಮ. ಅವ್ಳಿಗೆ ಕೆಮಿ ಕೇಂತಿಲ್ಲ. ಫೋನ್ ಬಂದ್ರೆ ಮುಟ್ಟಿ ಹೇಳುಕೆ ನಾನೇ ಇಲ್ಲಿ ಕೂಕಂತೆ. ಕೂಕಂಡ್ ಕೂಕಂಡ್ ಕಾಲ್ ಬೀಗಿತ್. ಈ ವಾರ ಡಾಕ್ಟ್ರ ಹತ್ರ ಹೋತಾ ಇದ್ದೆ, ಅದ್ಕೇ ಆ ಹೊತ್ತಿಗೆ ಎತ್ತುಕೆ ಯಾರೂ ಇಲ್ಲ."

ಫೋನಿನ ಪಕ್ಕದಲ್ಲಿ ಒಂದು ಸ್ಟೂಲು ಇತ್ತು. ಎರಡು ವರ್ಷದಿಂದ ಆ ಮುದುಕಿ ಒಂಬತ್ತರಿಂದ ಐದರವರೆಗೆ ಅದರ ಮೇಲೆ ಕೂತಿದ್ದರು. ನನ್ನ ಮೂರು ರಿಂಗಿಗಾಗಿ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಸೊಸೆಯನ್ನು ಕೇಳಿದೆ, ಈ ಸಲ ಮುಖ ನೋಡಿ, ನಿಧಾನವಾಗಿ.

"ಹೇಳ್ರೆ ಕೆಲ್ಸ ಕೊಡ್ತಿದ್ರ್ಯಾ ಅಕ್ಕ?"

ಕೊಡುತ್ತಿದ್ದೆ ಎಂದು ಬಾಯಿಯವರೆಗೆ ಬಂತು. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಅತ್ತೆ "ಕೂಕಣಿ, ಚಾ ಮಾಡ್ತೆ" ಎಂದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಮರುದಿನದಿಂದ ಯಾರ ಮನೆಗೂ ಫೋನ್ ಮಾಡಲಿಲ್ಲ. ಕೆಲಸ ಮೊದಲಿನಂತೆಯೇ ನಡೆಯಿತು. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಆರಿಸಿದ ಏಟಿಗೆ ಆ ಅಧ್ಯಾಯದ ಫೈಲೇ ಕೆಟ್ಟುಹೋಗಿತ್ತಂತೆ. ಅವಳು ಅದನ್ನು ಮೊದಲಿನಿಂದ ಟೈಪ್ ಮಾಡಿ, ಪುಸ್ತಕ ಮುಗಿಸಿ ಕಳಿಸಿದಳು. ಫೈಲು ಕೆಟ್ಟ ವಿಷಯ ಒಂದು ಚೀಟಿಯಲ್ಲಿತ್ತು, ದೂರಿನಂತಲ್ಲ, ಎರಡು ದಿನ ತಡವಾದದ್ದಕ್ಕೆ ಕಾರಣವಾಗಿ. ಅದರ ಕೆಳಗೆ, ಮುಂದಿನ ತಿಂಗಳಿಂದ ಕೆಲಸ ಮಾಡುವುದಿಲ್ಲ, ಕಂಪ್ಯೂಟರ್ ತೆಗೆದುಕೊಂಡು ಹೋಗಿ ಎಂದು ಬರೆದಿದ್ದಳು.

ನಾನು ಹೋಗಲಿಲ್ಲ, ಗಾಡಿ ಕಳಿಸಿದೆ. ಉಳಿದ ಮೂವರು ಕೇಳಿದಾಗ "ಅವಳಿಗೆ ಮನೆಯಲ್ಲಿ ತಾಪತ್ರಯ" ಎಂದೆ. ಅವರು ನಂಬಿದರು. ನಾನು ಹೇಳಿದ್ದನ್ನು ಅವರು ಯಾವತ್ತೂ ಪರೀಕ್ಷೆ ಮಾಡಿ ನೋಡಿದವರಲ್ಲ.