ಹೊಸ್ತಿಲು ದಾಟಿದ ಮಣ್ಣು

ಭಾನುವಾರ ಬೆಳಿಗ್ಗೆ ಗಾಜಿನ ತೊಟ್ಟಿಯ ನೀರನ್ನು ಮೂರರಲ್ಲೊಂದು ಪಾಲು ಬದಲಿಸುವುದು ನನ್ನ ಈಚಿನ ಕಾಯಕ. ಕೊಳವೆಯ ಒಂದು ತುದಿಯನ್ನು ತೊಟ್ಟಿಗಿಳಿಸಿ, ಇನ್ನೊಂದನ್ನು ಬಾಯಿಂದ ಎಳೆದು ಬಕೆಟ್ಟಿಗೆ ಬಿಟ್ಟರೆ ನೀರು ತಾನಾಗಿ ಹರಿಯುತ್ತದೆ. ಎಳೆತ ತುಸು ಹೆಚ್ಚಾದರೆ ಬಾಯಿ ತುಂಬ ನೀರು. ಈ ವಯಸ್ಸಿನಲ್ಲೂ ಆ ಅಂದಾಜು ನನಗೆ ಸಿದ್ಧಿಸಿಲ್ಲ. ಈ ಭಾನುವಾರವೂ ಹಾಗೆಯೇ ಆಯಿತು. ಉಗುಳಿದೆ, ವಾಸನೆ ಉಳಿಯಿತು. ಕೊಳೆತ ಎಲೆ, ನೆರಳಿನಲ್ಲಿ ತಣ್ಣಗಾದ ಕಲ್ಲು, ಹಳೆಯ ಕೆಸರು. ನಾನು ಹುಡುಗನಾಗಿದ್ದಾಗ ನಮ್ಮೂರ ಹೊಂಡದ ನೀರಿಗಿದ್ದ ವಾಸನೆ ಅದು. ಹೊಂಡ ಬತ್ತಿ ಎಷ್ಟೋ ಕಾಲವಾಯಿತು; ವಾಸನೆ ಹೊಸದುರ್ಗದ ನನ್ನ ಪಡಸಾಲೆಯಲ್ಲಿದೆ. ಹೇಗೆ ಬಂತೆಂದು ಹೇಳುತ್ತೇನೆ, ಕುಳಿತುಕೊಳ್ಳಿ.

ಏಳನೆಯ ತರಗತಿಗೆ ಶಾಲೆ ಬಿಟ್ಟು, ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುತ್ತ ಬದುಕಿದವನು ನಾನು. ಉಳಿದ ವಿದ್ಯೆಯೆಲ್ಲ ಗ್ರಂಥಾಲಯದ ಬೆಂಚಿನದು. ಅಲ್ಲಿ ಕಲಿತವನಿಗೆ ಗುರುವಿನ ಭಯವಿರುವುದಿಲ್ಲ. ಯಾರು ಏನೇ ಹೇಳಿದರೂ "ತೋರಿಸಿ, ನೋಡೋಣ" ಎನ್ನುವ ಚಟ ಅಂಟಿಕೊಳ್ಳುತ್ತದೆ. ಚಂದ್ರವಳ್ಳಿಯ ಗುಹೆಯಲ್ಲಿ ದಾರಿ ತೋರಿಸುವ ಒಬ್ಬಾತ ಟಾರ್ಚು ಹಾಯಿಸಿ, ಇಲ್ಲಿಂದ ಸುರಂಗ ಬಹುದೂರ ಹೋಗುತ್ತದೆ ಎಂದಾಗಲೂ ಅದನ್ನೇ ಅಂದೆ. "ಹೋಗಿ ನೋಡ್ಕಂಡ್ ಬರ್ರಿ ಯಜಮಾನ್ರೆ, ನಾವ್ ಇಲ್ಲೇ ಕುಂತಿರ್ತೀವಿ" ಎಂದು ಆತ ಟಾರ್ಚನ್ನು ನನ್ನ ಕೈಗೇ ಕೊಟ್ಟ. ಸುತ್ತ ನಿಂತವರು ನಕ್ಕರು. ನಾನು ಹೋಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಚಿತ್ರದುರ್ಗದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಬಿಚ್ಚಿದಾಗ ನಾನು ಮೊದಲು ನಿಚ್ಚಳವಾಗಿ ಕಂಡದ್ದು ಆಸ್ಪತ್ರೆಯ ಹಜಾರದಲ್ಲಿದ್ದ ಗಾಜಿನ ತೊಟ್ಟಿಯನ್ನು. ಅದರಲ್ಲಿ ಮೀನಿಗಿಂತ ಗಿಡವೇ ಹೆಚ್ಚು. ನೀರೊಳಗೊಂದು ಸಣ್ಣ ಕಾಡು. ಅಂಥದೊಂದು ಬೇಕೆನಿಸಿತು. ತಳಕ್ಕೆ ಮಣ್ಣು, ಅದರ ಮೇಲೆ ಮರಳು, ಹಿಂದೆ ಎತ್ತರ, ಮುಂದೆ ತಗ್ಗು, ಕಲ್ಲು ಮೊದಲು, ಗಿಡ ಆಮೇಲೆ, ಮೀನು ಮಾತ್ರ ನಾಲ್ಕು ವಾರ ಬಿಟ್ಟು ಎಂದು ತೊಟ್ಟಿ ಮಾರುವ ಅಂಗಡಿಯಾತ ಸಾವಧಾನವಾಗಿ ವಿವರಿಸಿ, ಮಣ್ಣಿನ ಪೊಟ್ಟಣವೊಂದನ್ನು ಮುಂದಿಟ್ಟ. ಪೊಟ್ಟಣದ ಮಣ್ಣೇ? ಹೊಂಡದ ತಳದ ಹೂಳು, ಗೋಡುಮಣ್ಣು ಹಾಕಿ ತೆಂಗು ಬೆಳೆಸಿದ ಸೀಮೆಯವನು ನಾನು. ಬೇಡವೆಂದೆ.

ಮತ್ತೋಡಿನ ಬಳಿಯ ನಮ್ಮೂರಿನಲ್ಲಿ ಆಗ ಜೆಸಿಬಿ ತಂದು ಹೊಂಡದ ಹೂಳೆತ್ತುತ್ತಿದ್ದರು. ತೀರ ಆಳದಿಂದ ಬಂದ ಕಪ್ಪು ಹೆಂಟೆಗಳನ್ನು ನಾನು ಚೀಲಕ್ಕೆ ತುಂಬುವುದನ್ನು ಟ್ರ್ಯಾಕ್ಟರಿನ ತಿಪ್ಪೇಶ ಕಂಡ.

"ಎಲ್ಲಿಗ್ರಿ ಇದು, ತ್ವಾಟಕ್ಕಾ?"

"ಮನೆಗೆ."

"ಬ್ಯಾಡ್ರಿ. ಹೊಂಡದ ಮಣ್ಣು ತ್ವಾಟಕ್ಕೆ ಹೋಗ್ಲಿ, ಹೊಸ್ತಿಲು ದಾಟಬಾರ್ದು. ನಮ್ಮಜ್ಜಿ ಹೇಳ್ತಿದ್ಲು."

"ದಾಟಿದ್ರೆ ಏನಾಗ್ತೈತೆ? ನಿಮ್ಮಜ್ಜಿ ನೋಡಿದ್ಲಾ?"

"ಯಾರೂ ದಾಟ್ಸೇ ಇಲ್ಲ, ಎಲ್ಲಿಂದ ನೋಡ್ತಾಳ್ರಿ?"

ಉತ್ತರದಲ್ಲಿ ತರ್ಕವಿತ್ತು. ಅದೇ ನನ್ನನ್ನು ಕೆರಳಿಸಿತು. ಒಂದು ಚೀಲ ಸಾಕಾಗುತ್ತಿದ್ದ ಕಡೆ ಎರಡು ತಂದೆ.

ಆ ಗೋಡುಮಣ್ಣನ್ನು ಎರಡು ಬೆರಳು ದಪ್ಪ ಹಾಸಿ, ಮರಳಿನಿಂದ ಮುಚ್ಚಿದೆ. ಹೊಲದ ಚಪ್ಪಟೆ ಕಲ್ಲುಗಳನ್ನು ಮೂರು ದಿನ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕಡೆಗೊಂದು ಜೋಡಣೆ ಕಣ್ಣಿಗೆ ಹಿತವಾಯಿತು. ಪಟ್ಟಿಯಂತೆ ಉದ್ದನೆಯ ಎಲೆಯ ಗಿಡಗಳನ್ನು ಚಿಮಟದಿಂದ ಹಿಂಬದಿಗೆ ನೆಟ್ಟೆ. ಪಾಚಿಯನ್ನು ದಾರದಿಂದ ಕಲ್ಲಿಗೆ ಕಟ್ಟಿದೆ. ಮಣ್ಣು ಕದಡದಿರಲೆಂದು ಒಳಗೊಂದು ತಟ್ಟೆಯಿಟ್ಟು ಅದರ ಮೇಲೆ ನೀರು ಸುರಿದೆ. ದೀಪ ಹಾಕಿದಾಗ ನನ್ನ ಹೆಂಡತಿ ಸ್ವಲ್ಪ ಹೊತ್ತು ನೋಡಿ, "ಮೆಟ್ಲು ಕಟ್ಟಿದಂಗೈತಲ್ರಿ. ಒಂದು ಕುಸಿದೈತೆ ಬ್ಯಾರೆ" ಎಂದಳು.

ಎಣಿಸಿದೆ. ಏಳು ಕಲ್ಲು, ಮೇಲಿನಿಂದ ನಾಲ್ಕನೆಯದು ಎಡಕ್ಕೆ ವಾಲಿತ್ತು. ನಮ್ಮೂರ ಹೊಂಡಕ್ಕೆ ಏಳು ಮೆಟ್ಟಿಲು, ನಾಲ್ಕನೆಯದು ಎಡಕ್ಕೆ ಕುಸಿದಿತ್ತು. ನನ್ನ ಕೈಗಳು ನನ್ನನ್ನು ಕೇಳದೆಯೇ ಅದನ್ನು ಕಟ್ಟಿದ್ದವು.

ಆ ನಾಲ್ಕನೆಯ ಮೆಟ್ಟಿಲಿನಿಂದಲೇ ನನ್ನ ಅಕ್ಕ ನೀರಿಗೆ ಬಿದ್ದು ಹೋದದ್ದು. ಅವಳಿಗಾಗ ಹದಿನೇಳು, ನನಗೆ ಎಂಟು. ನಮ್ಮ ಚಿಕ್ಕಪ್ಪನ ಹೆಂಡತಿ, ಚಿಕ್ಕಮ್ಮ, ತನ್ನ ತಮ್ಮನಿಗೆ ಅವಳನ್ನು ತರುವುದೆಂದು ಮಾತು ತೆಗೆದಿದ್ದಳು. ಅಕ್ಕನಿಗೆ ಮನಸ್ಸಿರಲಿಲ್ಲವೆಂದು ಕೇರಿಯಲ್ಲಿ ಗುಸುಗುಸು. ಅಂದು ಬೆಳಿಗ್ಗೆ ನೀರಿಗೆ ಹೋದವರು ಅವರಿಬ್ಬರೇ. ಬರುವಾಗ ಚಿಕ್ಕಮ್ಮ ಒಬ್ಬಳೇ ಬಂದಳು. "ಹೂ ಕೀಳಾಕೆ ಬಗ್ಗಿದ್ಲು, ಜಾರಿದ್ಲು" ಎಂದಳು. ಊರು ನಂಬಿತು, ಅಪ್ಪ ನಂಬಿದ. ನಾನು ನಂಬಲಿಲ್ಲ. ದಿನವೂ ಇಳಿಹೊತ್ತಿನಲ್ಲಿ ಎಮ್ಮೆಗಳಿಗೆ ನೀರು ಕುಡಿಸಲು ಹೋಗುತ್ತಿದ್ದವನು ನಾನು. ಆ ಹೊಂಡದಲ್ಲಿ ಒಂದು ಹೂವನ್ನೂ ಕಂಡವನಲ್ಲ. ಹೂವೇ ಇಲ್ಲದ ಮೇಲೆ ಅಕ್ಕ ತಾನಾಗಿ ಹಾರಿರಬೇಕು, ಹಾರಿಸಿದ್ದು ಆ ಸಂಬಂಧ, ಅದನ್ನು ಮುಚ್ಚಿಟ್ಟವಳು ಚಿಕ್ಕಮ್ಮ. ಮೀಸೆ ಬರುವ ಹೊತ್ತಿಗೆ ಈ ಲೆಕ್ಕಾಚಾರ ನನ್ನಲ್ಲಿ ಗಟ್ಟಿಯಾಗಿತ್ತು. ಅಪ್ಪನ ತಿಥಿಯ ದಿನ ನೆಂಟರೆಲ್ಲರ ಎದುರು ಕೇಳಿದೆ: "ಯಾವ ಹೂ ಚಿಕ್ಕಮ್ಮ? ಇದ್ರೆ ತೋರ್ಸು, ನೋಡಾಣ." ಬಡಿಸುತ್ತಿದ್ದವಳು ಸೌಟನ್ನು ಕೆಳಗಿಟ್ಟು ಒಳಗೆ ಹೋದಳು. ಆಮೇಲೆ ನಾವು ಮಾತಾಡಲಿಲ್ಲ. ಸುಮ್ಮನಾದದ್ದೇ ತಪ್ಪೊಪ್ಪಿಗೆ ಎಂದು ನಾನು ತೀರ್ಪು ಬರೆದುಕೊಂಡೆ.

ತೊಟ್ಟಿಗೆ ನೀರು ತುಂಬಿದ ನಾಲ್ಕನೆಯ ವಾರ, ನಾನು ನೆಡದ ಎಲೆಯೊಂದು ನಾಲ್ಕನೆಯ ಕಲ್ಲಿನ ಸಂದಿಯಿಂದ ಮೇಲೆದ್ದಿತು. ಗುಂಡಗೆ, ಬುಡದಲ್ಲಿ ಸೀಳಿದಂತಿತ್ತು. ಕಳೆಯೆಂದು ಚಿವುಟಿದೆ. ವಾರದೊಳಗೆ ಅದೇ ಸಂದಿಯಿಂದ ಎರಡು ಬಂದವು. ಕಲ್ಲೆತ್ತಿ ಬೇರು ಕಿತ್ತೆ, ಮೂರು ಬಂದವು. ಆ ವೇಳೆಗೆ ಬಿಟ್ಟಿದ್ದ ಸಣ್ಣ ಮೀನುಗಳು ತೊಟ್ಟಿಯೆಲ್ಲ ಸುತ್ತಿ ಬಂದು ಆ ಕಲ್ಲಿನ ಬಳಿ ಮಾತ್ರ ಹಿಂದಕ್ಕೆ ತಿರುಗಿಬಿಡುತ್ತಿದ್ದವು. ಗೋಡುಮಣ್ಣಿನಲ್ಲಿ ಬೀಜಗಳು ಬಹುಕಾಲ ನಿದ್ರಿಸಿರಬಲ್ಲವೆಂದು ಎಲ್ಲೋ ಓದಿದ್ದೆ. ಅದನ್ನು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. "ಯಾರ ಕೂಟೆ ಮಾತಾಡ್ತಿದೀರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

ಒಂದು ಬೆಳಿಗ್ಗೆ ಎದ್ದು ಬಂದರೆ ನೀರಿನ ಮೇಲೆ ಹೂವಿತ್ತು. ಬೆರಳ ಉಗುರಿನಷ್ಟಗಲ, ಬಿಳಿ, ನಡುವೆ ಹಳದಿ, ದಳದ ತುಂಬ ನವಿರಾದ ಕೂದಲು. ಊಟದ ಹೊತ್ತಿಗೆ ಅದು ಅಂಚಿನಿಂದ ಕರಗತೊಡಗಿತು. ಇಳಿಹೊತ್ತಿಗೆ ತೊಟ್ಟು ಬಾಗಿ, ಯಾರೋ ಕೆಳಗಿನಿಂದ ಎಳೆದುಕೊಂಡಂತೆ ನೀರೊಳಗೆ ಹೋಯಿತು. ನೀರಿನ ಮೇಲೆ ಏನೂ ಉಳಿಯಲಿಲ್ಲ.

ನಮ್ಮೂರ ಹೊಂಡಕ್ಕೊಂದು ಕಟ್ಟಳೆಯಿತ್ತು: ಬೆಳಿಗ್ಗೆ ಹೆಂಗಸರ ಕೊಡ, ಮಧ್ಯಾಹ್ನ ಕಳೆದ ಮೇಲೆ ಗಂಡಸರು ಮತ್ತು ದನ. ಜೀವಮಾನವಿಡೀ ನಾನು ಸಾಕ್ಷಿಯೆಂದು ಹಿಡಿದುಕೊಂಡಿದ್ದದ್ದು ಇಳಿಹೊತ್ತಿನ ಬರಿಯ ನೀರನ್ನು.

ಮರುದಿನ ಅರಳಿದ್ದನ್ನು ಸ್ಟೀಲಿನ ಡಬ್ಬಿಯಲ್ಲಿ ನೀರು ಹಾಕಿ ಇಟ್ಟುಕೊಂಡು ಊರಿಗೆ ಬಸ್ಸು ಹತ್ತಿದೆ. ಚಿಕ್ಕಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಂಬತ್ತು ದಾಟಿದ ಕೈ, ಆದರೂ ಕತ್ತಿ ನಡುಗುತ್ತಿರಲಿಲ್ಲ. ಡಬ್ಬಿಯನ್ನು ಮುಂದಿಟ್ಟೆ. ಇಣುಕಿದಳು.

"ಕರಗೈತೆ. ಹೊಂಡದ ಹೂ ಅಲ್ಲೇನೋ ಇದು? ಎಲ್ಲಿ ಸಿಕ್ತು?"

"ಬೆಳಿಗ್ಗೆ ಮಾತ್ರ ಇರ್ತೈತೆ ಅಂತ ನಿಂಗೆ ಗೊತ್ತಿತ್ತಲ್ಲ ಚಿಕ್ಕಮ್ಮ. ತಿಥಿ ದಿನ ಕೇಳ್ದಾಗ್ಲೇ ಯಾಕೆ ಹೇಳ್ಲಿಲ್ಲ?"

"ಅವತ್ತು ನೀ ಕೇಳಾಕೆ ಬಂದಿರ್ಲಿಲ್ಲ ಕಣಪ್ಪ. ನೀನೇ ಹೇಳಾಕೆ ಬಂದಿದ್ದೆ."

ಡಬ್ಬಿಗೆ ಮುಚ್ಚಳ ಹಾಕಿದೆ. ಆದರೂ ಚಟ ಬಿಡದು. ಹೂವಿತ್ತೆಂದು ಸಾಬೀತಾಯಿತು, ಸರಿ. ಅಕ್ಕ ಬಗ್ಗಿದ್ದು ಹೂವಿಗೇ ಎಂಬುದಕ್ಕೆ ಏನು ಆಧಾರ? ನಾಲಗೆಯ ತುದಿಗೆ ಬಂದದ್ದನ್ನು ಆಕೆ ನನ್ನ ಮುಖದಲ್ಲೇ ಓದಿರಬೇಕು. ಕತ್ತಿ ಕೆಳಗಿಟ್ಟಳು.

"ಮುಡಿಯಾಕೆ ಒಂದು ಕಿತ್ಕಂಡಿದ್ಲು. ಸಾಕು ಬಾರೆ ಅಂದೆ. ಇನ್ನೊಂದು ಬೇಕು ಅಂತ ಮತ್ತೆ ಇಳಿದ್ಲು. ಹೊಂಡದಾಗೆ ಹೂ ಐತೆ ಅಂದ್ರೆ ತಮ್ಮ ನಂಬಲ್ಲ ಚಿಕ್ಕಮ್ಮ, ತೋರ್ಸು ನೋಡಾಣ ಅಂತಾನೆ, ಕರಗಾದ್ರೊಳಗೆ ತಗಂಡ್ ಹೋಗಿ ತೋರಿಸ್ತೀನಿ ಅಂದ್ಲು." ಬೀಜದ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿ, "ಇದನ್ನ ನಿಂಗೆ ಹೆಂಗೆ ಹೇಳ್ಲೋ, ನಿಮ್ಮಪ್ಪನ ತಿಥಿ ದಿನ?" ಎಂದಳು.

ಅಕ್ಕನಿಗೆ ನಾನು ಹಾಗೆಂದದ್ದು ನನಗೆ ನೆನಪಿಲ್ಲ. ಎಷ್ಟು ತಡಕಿದರೂ ಸಿಗುತ್ತಿಲ್ಲ. ಬೇರೆಯವರ ಮಾತಾಗಿದ್ದರೆ ಆಧಾರ ಕೇಳುತ್ತಿದ್ದೆ. ಆದರೆ ಆ ಮಾತು ನನ್ನದೇ. ಅದರ ಧಾಟಿ ನನಗೆ ಗೊತ್ತು. ಅಂದು, ಆ ತಿಥಿಯಾದ ಮೇಲೆ ಮೊದಲ ಸಲ, ಚಿಕ್ಕಮ್ಮನ ಮನೆಯ ನೀರು ಕುಡಿದು ಬಂದೆ.

ಈ ಭಾನುವಾರ ಉಗುಳಿದ ನೀರನ್ನು ಒರೆಸಿ ಎದ್ದಾಗ, ನಾಲ್ಕನೆಯ ಕಲ್ಲಿನ ಬಳಿ ಹೊಸ ಮೊಗ್ಗೊಂದು ಅರ್ಧ ಬಿಚ್ಚಿತ್ತು. ನಾನೀಗ ಆ ಎಲೆಗಳನ್ನು ಚಿವುಟುವುದಿಲ್ಲ, ಕಲ್ಲನ್ನೂ ನೇರ ಮಾಡಿಲ್ಲ. ಮಣ್ಣು ಹೊಸ್ತಿಲು ದಾಟಿದರೆ ಏನಾಗುತ್ತದೆಂದು ತಿಪ್ಪೇಶ ಮುಂದೊಮ್ಮೆ ಕೇಳಿದರೆ ಏನು ಹೇಳುವುದೋ ತಿಳಿಯದು. ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ. ಹೂ ಪೂರ್ತಿ ಅರಳಿತು. ಹೆಂಡತಿ ಊಟಕ್ಕೆ ಎರಡು ಸಲ ಕರೆದಳು. ಅದು ಕರಗಿ, ಬಾಗಿ, ಕೆಳಕ್ಕೆ ಇಳಿದುಹೋಗುವವರೆಗೂ ನಾನು ಏಳಲಿಲ್ಲ. ತೋರಿಸಲೆಂದು ತಂದವಳ ಎದುರು ಅಷ್ಟು ಹೊತ್ತಾದರೂ ಕುಳಿತು ನೋಡಬೇಕಲ್ಲ.