ಹೊನ್ನೆಮರಕ್ಕೆ ಮುಟ್ಟಿಸುವ ಹಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ದೋಸೆಗೆ, ಹೋಟೆಲಿನವರ ನಾಲ್ಕು ನಗುವಿಗೆ, ನಾನು ಇರುಳಿಗರ ದೇವರನ್ನು ಮಾರಿಕೊಂಡೆ. ದೋಸೆ ಸೀದಿತ್ತು ಬೇರೆ.

ಯುದ್ಧದ ಕಾಲ, ಮರಕ್ಕೆ ಎಲ್ಲಿಲ್ಲದ ಬೆಲೆ. ಮಳವಳ್ಳಿಯಾಚೆ ಕಾಡಂಚಿನಲ್ಲಿ ನಮ್ಮ ಹೊಲ. ಅದನ್ನು ದಾಟಿದರೆ ಕಾಡನ್ನೇ ನಂಬಿದ ಇರುಳಿಗರ ದೊಡ್ಡಿ, ಒಂದಷ್ಟು ಗುಡಿಸಲು. ನಾವು ರಾಗಿ ಕೊಡುತ್ತಿದ್ದೆವು, ಅವರು ಜೇನು. ಯಾರ ದನಿ ಕೇಳಿದರೂ ನನ್ನ ಗಂಟಲಿಗೆ ಇಳಿಯುತ್ತಿತ್ತು. ಶ್ಯಾನುಭೋಗರ ಕೆಮ್ಮು, ಅಪ್ಪನ ಬೈಗುಳ, ಹುಡುಗಿಯರೆದುರು ಒಡೆಯುವ ನನ್ನದೇ ದನಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ದೊಡ್ಡಿಯವರದೊಂದು ಹಾಡಿತ್ತು. ಹಳ್ಳದಿಂದ ಹಿಡಿದು ದಾರಿಯ ಬಂಡೆ, ತಿರುವು, ಮರಗಳನ್ನೆಲ್ಲ ಅಜ್ಜ, ಮಾವ ಎಂದು ಕರೆಯುತ್ತ ಹಳೆಯ ಹೊನ್ನೆಮರಗಳ ತೋಪಿಗೆ ಮುಟ್ಟಿಸುವ ಹಾಡು. ಅವರ ಸತ್ತ ಹಿರಿಯರು ದೇವರಾಗಿ ಆ ಮರಗಳಲ್ಲಿದ್ದಾರೆ. ಅಲ್ಲಿಗೆ ಕೊಡಲಿ ಒಯ್ಯುವಂತಿಲ್ಲ. ಆ ಹಾಡನ್ನು ಹೊರಗಿನವರಿಗೆ ಕೇಳಿಸುವುದಿಲ್ಲ; ನನಗೆ ಕೇಳಿಸಿ ಎಂದು ಹಟ ಹಿಡಿದೆ. ಅದಕ್ಕೂ ದೊಡ್ಡಿಯವರ ಕೂಟ ಸೇರಿತು. ಅವರಲ್ಲಿ ಕೈ ಎತ್ತಿಸಿ ತೀರ್ಮಾನಿಸುವುದಿಲ್ಲ; ಒಬ್ಬರು ಒಪ್ಪದಿದ್ದರೂ ಎಲ್ಲರೂ ಕಾಯುತ್ತಾರೆ. ಯಜಮಾನ ಒಪ್ಪಿದ, ಉಳಿದವರೂ ಒಪ್ಪಿದರು. ಜೇನು ಇಳಿಸುವವನ ಮುದಿ ತಾಯಿ ಮಾತ್ರ ಮೂರು ದಿನ ಒಪ್ಪಲಿಲ್ಲ.

"ಇವನ ಬಾಯಿ ನಿಲ್ಲಾಕಿಲ್ಲ" ಎಂದಳು.

"ಆಚೆ ಬಾಯಿ ಬುಡಾಕಿಲ್ಲ ಕಣಜ್ಜಿ" ಎಂದು ಮಣ್ಣು ಮುಟ್ಟಿ ಮಾತು ಕೊಟ್ಟೆ. ಆಗ ಒಪ್ಪಿದಳು. ಯಜಮಾನ ಹಾಡಿದ, ಹಾಡು ನನ್ನ ಗಂಟಲಿಗೆ ಇಳಿಯಿತು.

ಮಳವಳ್ಳಿಯ ಹೋಟೆಲಿನಲ್ಲಿ ಒಬ್ಬ ಮರದ ಗುತ್ತಿಗೆದಾರ ಸಿಕ್ಕಿದ. "ಕಾಡ್ನೋರ್ ತರ ಏನಾರ ಮಾಡಿ ನಗ್ಸ್ಲಾ, ದೋಸೆ ಕೊಡುಸ್ತೀನಿ" ಎಂದ. ಯಜಮಾನನ ನಡುಗುವ ದನಿಯಲ್ಲಿ ಪೂರ್ತಿ ಹಾಡಿಬಿಟ್ಟೆ. ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು.

"ಆ ಬಂಡೆ ಆದ್ಮೇಲೆ ಎಡಕ್ಕೋ ಬಲಕ್ಕೋ? ಇನ್ನೊಂದ್ ಸಲ ಯೋಳು."

ನನ್ನ ಕಲೆಗೆ ಮರುಳಾದನೆಂದುಕೊಂಡು ಮತ್ತೆ ಹಾಡಿದೆ.

ಹದಿನೈದೇ ದಿನಕ್ಕೆ ಹೊನ್ನೆ ದಿಮ್ಮಿಗಳನ್ನು ಹೇರಿದ ಗಾಡಿಗಳು ನಮ್ಮ ಹೊಲದ ಬದಿಯಲ್ಲೇ ಮದ್ದೂರು ಸ್ಟೇಷನ್ನಿನ ಕಡೆ ಹೊರಟವು. ಕಡಿದ ಕಡೆಯೆಲ್ಲ ಮರ ಕೆಂಪಗೆ ಸೋರುತ್ತಿತ್ತು. ಅಡ್ಡ ನಿಂತು ಗುತ್ತಿಗೆದಾರನನ್ನು ಕೇಳಿದೆ: "ನಗಾಕೆ ಅಂತ ತಾನೆ ಆಡ್ಸಿದ್ದು ನೀನು?"

"ಎಲ್ರೂ ನಕ್ರಲ್ಲಪ್ಪ" ಎಂದು ಗಾಡಿ ಮುಂದೆ ಹೊಡೆಸಿದ.

ಹೋಟೆಲಿನ ಸುದ್ದಿ ದೊಡ್ಡಿಗೂ ಮುಟ್ಟಿ ಮತ್ತೆ ಕೂಟ ಸೇರಿತು. ಇನ್ನು ನಾನು ದೊಡ್ಡಿಗೆ ಕಾಲಿಡಬಹುದೋ ಬಾರದೋ ಎಂಬುದೇ ಮಾತು. ಯಾರೂ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತುಬಿಡುತ್ತಿದ್ದೆನೇನೋ. "ನಂಗೂ ಮೋಸ ಆಯ್ತು, ಅವ್ನು ನಂಬ್ಸಿ ಕತ್ತು ಕುಯ್ದ" ಎಂದು ಅತ್ತೆ. ಆ ಅಳುವೊಂದು ಮಾತ್ರ ಯಾರಿಂದಲೂ ಕಲಿತದ್ದಲ್ಲ, ನನ್ನದೇ ಆಗಿತ್ತು.

ಯಜಮಾನ ಕರಗಿದಂತೆ ಕಂಡ. ಎಲ್ಲರೂ ಮುದುಕಿಯ ಕಡೆ ನೋಡಿದರು.

"ಅವ್ನು ನಮ್ಗೆ ಯಾವ ಮಾತೂ ಕೊಟ್ಟಿರ್ಲಿಲ್ಲ ಕಣ್ಲಾ" ಎಂದಳು. "ಕೊಟ್ಟಿದ್ದೋನು ನೀನು."